ತುದಿ ಸುಟ್ಟ ಹಗ್ಗ

ಸ್ಟೇಷನ್ನಿನ ಮೇಜಿನ ಮೇಲೆ ಆಕೆ ಗೋಣಿಚೀಲ ಇಳಿಸಿದ ರೀತಿ ನೋಡಿ ರೈಟರ್ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡ. ನಿದ್ದೆಹೋದ ಮಗುವನ್ನು ಹಾಸಿಗೆಗೆ ಹಾಕುವ ಹಾಗೆ ಇಳಿಸಿದ್ದಳು.

“ಕೊಂದುಬಿಟ್ಟಿದ್ದಾರೆ ಸರ್.”

“ಯಾರನ್ನಮ್ಮ?”

“ಹಗ್ಗಾನ.”

ರೈಟರ್ ಆಗಲೇ ತೆಗೆದಿದ್ದ ಪೆನ್ನಿನ ಮುಚ್ಚಳವನ್ನು ಮತ್ತೆ ಹಾಕಿದ. “ಏನಮ್ಮಾ, ನನ್ನ ಮುಖ ನೋಡಿದ್ರೆ ಬೆಳಿಗ್ಗೆ ಬೆಳಿಗ್ಗೆ ಆಟ ಆಡಿಸಬೇಕು ಅನ್ಸುತ್ತಾ?”

ಒಳಕೋಣೆಯಲ್ಲಿದ್ದ ಇನ್ಸ್‌ಪೆಕ್ಟರ್ ಆ ದನಿ ಕೇಳಿಸಿಕೊಂಡರು. ಅಳುತ್ತಾ ಬರುವವರ ದನಿ ಬೇರೆ, ಅತ್ತು ಮುಗಿಸಿ ಮುಖ ತೊಳೆದುಕೊಂಡು ಬರುವವರ ದನಿ ಬೇರೆ. ಇದು ಎರಡನೆಯದು. ಎದ್ದು ಹೊರಗೆ ಬಂದರು. ಚೀಲದೊಳಗೆ ಎಳೆಹಸಿರು ಬಣ್ಣದ, ನಡುನಡುವೆ ಕಿತ್ತಳೆ ಎಳೆ ಓಡಿದ ಹೊಸ ಹಗ್ಗ ತುಂಡುತುಂಡಾಗಿ ಬಿದ್ದಿತ್ತು.

“ಕೂತ್ಕೊಳ್ಳಿ. ಏನು ಕೆಲಸ ನಿಮ್ಮದು?”

“ಮರ ಹತ್ತಿ ಕೊಂಬೆ ಸವರೋದು ಸರ್. ಮನೆ ಮೇಲೆ ಬಾಗಿರೋದು, ತಂತಿ ಮೇಲೆ ಬಿದ್ದಿರೋದು, ಒಣಗಿರೋದು. ಊರಲ್ಲಿ ಅಳಿಲು ಅಂದ್ರೆ ಗೊತ್ತಾಗುತ್ತೆ.”

ರೈಟರ್‌ಗೆ ಗೊತ್ತಾಯಿತು. “ಓ, ನೀವಾ! ನಮ್ಮ ಸ್ಟೇಷನ್ ಹಿಂದಿನ ಮರದಲ್ಲಿ ಹೋದ ವರ್ಷ ಜೋಲಾಡ್ತಿದ್ದೋರು!” ಪೆನ್ನಿನ ಮುಚ್ಚಳ ಮತ್ತೆ ಕಳಚಿತು.

ಆಕೆ ಹೇಳಿದ್ದು ಇಷ್ಟು. ಹಗ್ಗ ಕೊಂಡು ವಾರವೂ ಆಗಿರಲಿಲ್ಲ. ನಿನ್ನೆ ಮಧ್ಯಾಹ್ನ ಒಂದು ಶಾಲೆಯ ಅಂಗಳದ ಮರ ನೋಡಲು ಹೋಗಿದ್ದಳು. ದೊಡ್ಡ ಕೊಂಬೆಯೊಂದು ಬುಡದಲ್ಲಿ ಸೀಳಿ, ಮಕ್ಕಳು ನೀರು ಕುಡಿಯುವ ನಲ್ಲಿಯ ನೆತ್ತಿಗೇ ಜೋತುಬಿದ್ದಿತ್ತು. ಶಾಲೆಗೆ ರಜೆ, ತೆರೆಯುವ ಮುನ್ನ ಅದನ್ನು ಇಳಿಸಬೇಕು. ಇವತ್ತು ಬೆಳಿಗ್ಗೆ ಶೆಡ್ಡಿಗೆ ಹೋಗಿ ಮೊಳೆಯಿಂದ ಹಗ್ಗದ ಸುರುಳಿ ತೆಗೆದರೆ, ಕೈಯಲ್ಲಿ ಒಂದೇ ತುಂಡು ಬಂತು. ಮಿಕ್ಕದ್ದು ಕಾಲ ಮೇಲೆ ಬಿತ್ತು.

“ಯಾರ ಮೇಲಾದ್ರೂ ಅನುಮಾನ?”

“ಇಲ್ಲ ಸರ್. ಆದ್ರೆ ಯಾರೋ ನಾನು ಆ ಹಗ್ಗದಲ್ಲಿ ಹತ್ತಬಾರದು ಅಂದ್ಕೊಂಡಿದ್ದಾರೆ. ಬೇರೆ ಯಾವುದರಲ್ಲಿ ಹತ್ತಲಿ ಅಂತ ಅವರ ಮನಸ್ಸಲ್ಲಿದೆಯೋ ಅದೇ ಭಯ.”

ಇನ್ಸ್‌ಪೆಕ್ಟರ್ ಒಂದು ತುಂಡು ಎತ್ತಿ ಎರಡು ತುದಿಯನ್ನೂ ಬೆಳಕಿಗೆ ಹಿಡಿದರು. ಕತ್ತರಿಸಿದ ತುದಿ ಎಳೆ ಬಿಚ್ಚಿಕೊಂಡಿರಲಿಲ್ಲ. ಬೆಂಕಿ ತಾಗಿಸಿ, ಕರಗಿಸಿ, ಉರುಟಾಗಿ ಒತ್ತಿ ಮುಚ್ಚಿದ್ದರು. ಇನ್ನೊಂದು ತುಂಡು ಎತ್ತಿದರು. ಅದೂ ಹಾಗೆಯೇ.

“ಸರ್, ಎಫ್‌ಐಆರ್‌ನಲ್ಲಿ ಏನಂತ ಹಾಕ್ಲಿ?” ರೈಟರ್ ಕೇಳಿದ. “ಬರೀ ಆಸ್ತಿಗೆ ಹಾನಿಯಾ, ಪ್ರಾಣಕ್ಕೆ ಸಂಚಾ?”

“ಸದ್ಯ ಹಾನಿ. ಇನ್ನೇನಾದ್ರೂ ಇದ್ರೆ ತನಿಖೆಯಲ್ಲಿ ಬರುತ್ತೆ, ಸೇರಿಸೋಣ.” ಆಮೇಲೆ ಆಕೆಯ ಕಡೆ ತಿರುಗಿ, “ನಾನು ಹೇಳೋವರೆಗೂ ಮರ ಹತ್ತಬೇಡಿ,” ಎಂದರು.

ಬೆಳಿಗ್ಗೆ ಒಂಬತ್ತೂವರೆಗೆ ಪ್ರಕರಣ ದಾಖಲಾಯಿತು.

* * *

ಸ್ಥಳ ಪಂಚನಾಮೆಗೆ ಇನ್ಸ್‌ಪೆಕ್ಟರ್ ಜೊತೆ ಹೊರಟವಳು ಹೆಡ್ ಕಾನ್‌ಸ್ಟೇಬಲ್. ಸ್ಟೇಷನ್ನಿನಲ್ಲಿ ಎಲ್ಲರ ಬಾಯಲ್ಲೂ ಆಕೆ ದೊಡ್ಡಕ್ಕ. ಕಳ್ಳರೂ ಹಾಗೇ ಕರೆಯುತ್ತಿದ್ದರು.

ಮನೆಯ ಹಿಂದೆ ತಗಡಿನ ಶೆಡ್ಡು. ಬೀಗ ಒಡೆದಿರಲಿಲ್ಲ. ಕೀಲಿಕೈ ಅಡುಗೆಮನೆ ಬಾಗಿಲ ಹಿಂದೆ ತೂಗುತ್ತದೆ ಎಂದು ಬೀದಿಗೆಲ್ಲ ಗೊತ್ತಿತ್ತು. ಒಳಗೆ ಗರಗಸಗಳು, ಎಣ್ಣೆಯ ಡಬ್ಬ, ಹೆಲ್ಮೆಟ್ಟು. ಗೋಡೆಯ ಮೊಳೆಗಳಲ್ಲಿ ಸೊಂಟಕ್ಕೆ ಬಿಗಿಯುವ ಪಟ್ಟಿ, ಮಾಸಿದ ಬಿಳಿಯ ಒಂದು ಹಳೆಯ ಹಗ್ಗ, ಅದರ ಪಕ್ಕ ತೋಳುದ್ದದ ಒಂದು ಗಿಡ್ಡ ಹುರಿ. ಪಕ್ಕದ ಮನೆಯ ದರ್ಜಿಯೂ ಎದುರು ಮನೆಯ ನಿವೃತ್ತ ಮೇಷ್ಟರೂ ಪಂಚರಾಗಿ ಬಂದರು. ದರ್ಜಿ ಕೊರಳಲ್ಲಿದ್ದ ಟೇಪನ್ನು ಹಗ್ಗದ ತುಂಡುಗಳಿಗೆ ಹಿಡಿದು ನೋಡಿ ತಲೆದೂಗಿದ.

“ಎಲ್ಲಾ ಒಂದೇ ಅಳತೆ ಸರ್. ಕೈ ನಡುಗಿಲ್ಲ. ನನ್ನ ಅಂಗಡಿ ಹುಡುಗರು ಹೀಗೆ ಕತ್ತರಿಸಿದ್ರೆ ನಾನು ಯಾವತ್ತೋ ಉದ್ಧಾರ ಆಗಿರ್ತಿದ್ದೆ.”

“ಹೀಗೆ ತುಂಡು ಮಾಡೋದಕ್ಕೆ ಏನಾದ್ರೂ ಅರ್ಥ ಇದೆಯಾ?” ಇನ್ಸ್‌ಪೆಕ್ಟರ್ ಅಳಿಲನ್ನು ಕೇಳಿದರು.

ಆಕೆ ತಡೆದು ಹೇಳಿದಳು. “ಇದೆ ಸರ್. ಹಗ್ಗ ಸತ್ತರೆ, ಅಂದ್ರೆ ಇನ್ನು ಜೀವ ಕಟ್ಟೋಕಾಗಲ್ಲ ಅಂತ ಆದರೆ, ನಾವು ಹಾಗೇ ಬಿಸಾಡಲ್ಲ. ಗೊತ್ತಿಲ್ಲದೋರು ಯಾರಾದ್ರೂ ಎತ್ಕೊಂಡು ಹೋಗಿ ಅದರಲ್ಲಿ ಹತ್ತಿಬಿಟ್ರೆ? ಅದಕ್ಕೇ ಮೊಳದುದ್ದ ತುಂಡು ಮಾಡ್ತೀವಿ. ಇದು ನಮ್ಮ ಕಸುಬಿನೋರೇ ಮಾಡಿರೋದು.”

“ಆ ಗಿಡ್ಡ ಹುರಿ?”

“ಹಗ್ಗ ಮೇಲಿನ ಕೊಂಬೆ ಬಳಸಿ ಕೆಳಗೆ ಬರುತ್ತೆ. ಅದರ ಮೇಲೆ ಈ ಹುರಿ ಸುತ್ತಿ ಸೊಂಟಪಟ್ಟಿಗೆ ಹಾಕ್ಕೊಳ್ತೀವಿ. ಭಾರ ಬಿದ್ದರೆ ಹುರಿ ಹಗ್ಗಾನ ಕಚ್ಚಿ ಹಿಡಿಯುತ್ತೆ, ಕೈಲಿ ಒತ್ತಿದ್ರೆ ಸಡಿಲ ಬಿಡುತ್ತೆ. ಅದು ಹಳೇ ಹಗ್ಗದ ಜೋಡಿ. ಹೊಸದಕ್ಕೆ ಹೊಸ ಹುರಿ ಬೇರೆ ತಂದಿದ್ದೆ. ಅದು ನನ್ನ ಚೀಲದಲ್ಲೇ ಇತ್ತು.”

“ನಿಮ್ಮ ಜೊತೆ ಕೆಲಸ ಮಾಡೋರು ಯಾರು?”

“ಅಪ್ಪ.”

ಶೆಡ್ಡಿನ ಹೊರಗೆ ಮರದ ಕೊರಡಿನ ಮೇಲೆ ಕುಳಿತಿದ್ದ ಮುದುಕರು ಎದ್ದು ನಿಂತರು. ಬಲಗೈಯ ಮೇಲೆ ಟವೆಲ್ಲು ಹೊದ್ದಂತೆ ಬಿದ್ದಿತ್ತು.

“ಮೊದಲು ಅವರೇ ಹತ್ತುತಿದ್ರು. ನಾನು ಕಲಿತಿದ್ದು ಅವರ ಕೈಲೇ. ಈಗ ಅವರು ಕೆಳಗಿನವರು, ನಾನು ಮೇಲಿನವಳು. ಕಡಿದ ಕೊಂಬೆ ಇಳಿಸೋ ಹಗ್ಗ ಅವರ ಕೈಲಿರುತ್ತೆ. ನನ್ನ ಗಂಟು ನೋಡಿ, ‘ಬರ್ತೀಯಾ?’ ಅಂತಾರೆ. ‘ಬರ್ತೀನಿ’ ಅನ್ನದೆ ನಾನು ನೆಲದಿಂದ ಕಾಲು ಎತ್ತಲ್ಲ. ಅದೊಂದು ನಮ್ಮಿಬ್ಬರ ಲೆಕ್ಕ.”

ಇನ್ಸ್‌ಪೆಕ್ಟರ್ ಮುದುಕರನ್ನು ಕೇಳಿದರು. “ನಿನ್ನೆ ಮಧ್ಯಾಹ್ನ ಎಲ್ಲಿದ್ರಿ?”

“ಮನೇಲಿ.”

“ಯಾರಾದ್ರೂ ಬಂದಿದ್ರಾ?”

“ನಾನು ಕಂಡಿಲ್ಲ.”

“ಸದ್ದು?”

“ಕಿವಿ ಅಷ್ಟು ಚುರುಕಿಲ್ಲ ಸಾಹೇಬ್ರೆ. ಗರಗಸ ತಿಂದುಹಾಕಿದೆ.”

ಮುದುಕರು ಒಳಗೆ ಹೋಗಿ ಎಲ್ಲರಿಗೂ ಟೀ ತಂದರು, ಒಂದೊಂದೇ ಲೋಟ, ಲೋಟಕ್ಕೊಂದು ಓಡಾಟ. ದೊಡ್ಡಕ್ಕ ಲೋಟ ತೆಗೆದುಕೊಳ್ಳುತ್ತಾ ನಕ್ಕಳು. “ಎಡಗೈಲಿ ಕೊಡ್ತೀರಲ್ಲ ಯಜಮಾನ್ರೆ, ಪೊಲೀಸ್ರು ಅಂದ್ರೆ ಅಷ್ಟೇನಾ?”

“ಬಲಗೈಗೆ ವಯಸ್ಸಾಯ್ತು ತಾಯಿ. ಎಡಗೈ ಇನ್ನೂ ಹರೆಯದಲ್ಲಿದೆ.”

ಎಲ್ಲರೂ ನಕ್ಕರು. ಮಗಳು ನಗಲಿಲ್ಲ. ಅಪ್ಪನ ಕೈಯನ್ನೂ ಗೋಡೆಯ ಹಳೆಯ ಹಗ್ಗವನ್ನೂ ಒಮ್ಮೆ ನೋಡಿ ಕಣ್ಣು ತೆಗೆದಳು. ಆ ಒಂದು ನೋಟ ಇನ್ಸ್‌ಪೆಕ್ಟರ್ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು.

ತುಂಡುಗಳನ್ನೂ ಗಿಡ್ಡ ಹುರಿಯನ್ನೂ ಪಂಚನಾಮೆಗೆ ಸೇರಿಸಿ ವಶಕ್ಕೆ ಪಡೆದರು. ಹಳೆಯ ಹಗ್ಗವನ್ನು ಹೋಲಿಸಿ ನೋಡಲು ಎಂದು ಬೇರೆಯಾಗಿ ಕೇಳಿ ತೆಗೆದುಕೊಂಡರು. ಜೀಪಿನಲ್ಲಿ ಕುಳಿತ ಮೇಲೆ ಗಿಡ್ಡ ಹುರಿಯನ್ನು ತಿರುವಿ ನೋಡಿದರು. ಹಗ್ಗ ಉಜ್ಜುವ ಒಳಮೈಯಲ್ಲಿ ಉಗುರಗಲ ಕರಗಿ ಗಾಜಿನ ಹಾಗೆ ಮಿನುಗುತ್ತಿತ್ತು. ಆ ಮಿನುಗಿನಲ್ಲಿ ಎಳೆಹಸಿರು ಬಣ್ಣ ಅಂಟಿತ್ತು.

* * *

ಕಸುಬಿನವರೇ ಎಂದಮೇಲೆ ಮೊದಲು ನೆನಪಾಗುವವನು ಏಣಿ ಮೇಸ್ತ್ರಿ. ಊರಿನಲ್ಲಿ ಮರದ ಕೆಲಸಕ್ಕೆ ಇನ್ನೊಬ್ಬ ಇದ್ದದ್ದೇ ಅವನು. ಹಗ್ಗ ನಂಬದೆ ಏಣಿ, ಕ್ರೇನು ಎಂದು ಓಡಾಡುವವನು. ಶಾಲೆಯ ಕೆಲಸ ಅವನಿಗೂ ಬೇಕಾಗಿತ್ತು, ಸಿಗಲಿಲ್ಲ.

ಲಾರಿಯ ಪಕ್ಕ ನಿಂತು ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದವನನ್ನು ದೊಡ್ಡಕ್ಕ ಕರೆದಳು.

“ನಿನ್ನೆ ಮಧ್ಯಾಹ್ನ ಎಲ್ಲಿದ್ದೆ?”

“ಹಲ್ಲಿನ ಡಾಕ್ಟರ್ ಹತ್ರ. ಬಾಯಿ ತೆಗೆದು ತೋರಿಸ್ಲಾ?”

“ಬೇಡ. ಆ ಹುಡುಗಿ ಮೇಲೆ ಸಿಟ್ಟಿದೆಯಾ?”

“ಇದೆ. ನನ್ನ ಏಣಿ ತಲುಪದ ಕಡೆ ಅವಳು ನಿಂತ್ಕೊಂಡು ‘ಏನ್ ಮಾವ, ಹವಾ ಹೇಗಿದೆ ಕೆಳಗೆ?’ ಅಂತಾಳೆ. ಸಿಟ್ಟು ಬರಲ್ವಾ?”

ಇನ್ಸ್‌ಪೆಕ್ಟರ್ ಒಂದು ತುಂಡನ್ನು ಅವನ ಕೈಗಿಟ್ಟರು. ಮೇಸ್ತ್ರಿಯ ನಗು ನಿಂತಿತು. ತುದಿಯನ್ನು ಹೆಬ್ಬೆರಳಿನಿಂದ ಸವರಿದ.

“ಹೊಸಾ ಹಗ್ಗ ಸರ್ ಇದು. ಅಯ್ಯೋ.”

“ನೀನಲ್ಲ ತಾನೆ?”

“ನಾನು ಕತ್ತರಿಸಿದ್ರೆ ಹರಿದು ಬಿಸಾಕಿ ಓಡ್ತೀನಿ. ಕೂತ್ಕೊಂಡು ಒಂದೊಂದು ತುದಿಗೂ ಬೆಂಕಿ ತಾಗಿಸಿ ಮುಚ್ಚುತಾ ಇರ್ತೀನಾ? ಇದು ಸಿಟ್ಟಿನ ಕೆಲಸ ಅಲ್ಲ. ಇಷ್ಟು ಜೋಪಾನವಾಗಿ ಯಾರಾದ್ರೂ ಹಗೆ ಸಾಧಿಸ್ತಾರಾ ಸರ್?”

ಇನ್ಸ್‌ಪೆಕ್ಟರ್ ತುಂಡನ್ನು ವಾಪಸ್ ತೆಗೆದುಕೊಂಡು ಚೀಲಕ್ಕೆ ಹಾಕಿದರು. ಅವರೊಂದು ಪ್ರಶ್ನೆ ಕೇಳಿದರೆ ಆಮೇಲೆ ಸುಮ್ಮನಿರುತ್ತಿದ್ದರು. ಆ ಮೌನದೊಳಗೆ ಮನುಷ್ಯ ತಾನಾಗಿಯೇ ಇನ್ನೊಂದು ಮಾತು ಸೇರಿಸುತ್ತಾನೆ ಎಂಬುದು ಅವರ ಅನುಭವ.

ಮೇಸ್ತ್ರಿ ಸೇರಿಸಿದ. “ತುದಿ ಮುಚ್ಚದೆ ಹಗ್ಗ ಕೆಳಗಿಟ್ರೆ ನಮಗೆ ಬೈತಿದ್ದೋರು ಒಬ್ಬರೇ. ಅವಳಪ್ಪ. ನಾನೂ ಮೊದಲು ಅವರ ಹತ್ರನೇ ಇದ್ದೆ.” ಹೇಳಿದ ಮೇಲೆ ಅವನಿಗೇ ಗಾಬರಿಯಾಯಿತು. “ಸರ್, ನಾನೇನೂ ಹೇಳ್ಲಿಲ್ಲ. ಹಲ್ಲು ನೋವು, ಬಾಯಿಗೆ ಬಂದಿದ್ದು ಅಂದೆ.”

* * *

ಹಗ್ಗದಂಗಡಿ ಉದ್ದನೆಯ ಒಂದು ಕೋಣೆ. ಎರಡೂ ಗೋಡೆಗೆ ಮರದ ಉರುಳೆಗಳು, ಉರುಳೆಗಳಿಗೆ ಬಣ್ಣಬಣ್ಣದ ಹಗ್ಗ. ಅಂಗಡಿಯಾಕೆ ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಕನ್ನಡಕ ಹುಡುಕುತ್ತಿದ್ದರು. ದೊಡ್ಡಕ್ಕ ಅವರ ತಲೆಯತ್ತ ಬೆರಳು ತೋರಿಸಿದಳು.

“ಈ ಹಗ್ಗ ನಿಮ್ಮಲ್ಲೇ ಕೊಂಡಿದ್ದಾ?” ಇನ್ಸ್‌ಪೆಕ್ಟರ್ ಕೇಳಿದರು.

“ಹೂಂ. ಅಳಿಲು ತಗೊಂಡಿದ್ದು. ಒಂದು ಇಡೀ ದಿನ ಕೂತಿದ್ಲು ಇಲ್ಲಿ. ಊಟಕ್ಕೂ ಏಳಲಿಲ್ಲ.”

“ಹಗ್ಗ ಆರಿಸೋಕೆ ಅಷ್ಟು ಹೊತ್ತಾ?”

“ನಿಮಗೆ ಪಿಸ್ತೂಲು ಸರ್ಕಾರ ಕೊಡುತ್ತೆ ಸರ್, ಇವಳು ತನ್ನ ಜೀವ ತಾನೇ ಆರಿಸ್ಕೋಬೇಕು.” ಆಕೆ ಒಂದು ಉರುಳೆಯಿಂದ ಹಗ್ಗ ಎಳೆದು ಇನ್ಸ್‌ಪೆಕ್ಟರ್ ಕೈಗೆ ಕೊಟ್ಟರು. “ಮೊದಲು ದಪ್ಪ. ದಪ್ಪಗಿದ್ರೆ ಮುಷ್ಟಿ ತುಂಬಾ ಸಿಗುತ್ತೆ, ಆದ್ರೆ ತೂಕ, ಮೇಲೆ ಹೋದಷ್ಟೂ ಅದನ್ನೂ ಹೊತ್ಕೊಂಡು ಹೋಗಬೇಕು. ಸಣ್ಣಗಿದ್ರೆ ಚುರುಕು, ಆದ್ರೆ ಕೈ ಬೇಗ ಸೋಲುತ್ತೆ. ಆಮೇಲೆ ಜಗ್ಗು. ಜಾಸ್ತಿ ಜಗ್ಗಿದ್ರೆ ಅರ್ಧ ದಿನ ನಿಂತಲ್ಲೇ ಹತ್ತಿದ ಹಾಗೆ. ಒಂಚೂರೂ ಜಗ್ಗದೇ ಇದ್ರೆ, ಜಾರಿದಾಗ ಸೊಂಟ ಮುರಿಯುತ್ತೆ. ನೇಯ್ಗೆ ಬಿಗಿ ಇರಬೇಕು, ತೊಗಟೆ ಉಜ್ಜಿದ್ರೆ ಎಳೆ ಏಳಬಾರದು. ಉದ್ದ, ಮರದ ಎತ್ತರಕ್ಕೆ ಎರಡರಷ್ಟು, ಮೇಲೊಂದಿಷ್ಟು. ಹೋಗಿ ಬರಬೇಕಲ್ಲ? ಇಷ್ಟೆಲ್ಲಾ ನೋಡಿ ಕೊನೆಗೆ ಕಣ್ಣು ಮುಚ್ಚಿ ಕೈಲಿ ಹಿಡಿದ್ಲು. ಇದೇ ಅಂದ್ಲು.”

“ಒಬ್ಬಳೇ ಬಂದಿದ್ಲಾ?”

“ಅದೇ ನನಗೂ ಆಶ್ಚರ್ಯ. ಯಾವಾಗ್ಲೂ ಅಪ್ಪನ ಜೊತೆ ಬರೋಳು. ಅವರು ಹಿಡಿದು ನೋಡಿ ತಲೆಯಾಡಿಸಿದ ಮೇಲೇ ಕಾಸು ತೆಗೀತಿದ್ಲು. ಈ ಸಲ ಕೇಳಿದ್ರೆ ಮಾತು ಹಾರಿಸಿದ್ಲು.”

ಇನ್ಸ್‌ಪೆಕ್ಟರ್ ಗಿಡ್ಡ ಹುರಿಯನ್ನು ಮೇಜಿನ ಮೇಲಿಟ್ಟರು. ಅಂಗಡಿಯಾಕೆ ಕನ್ನಡಕ ಇಳಿಸಿ ಮಿನುಗುವ ಜಾಗ ನೋಡಿದರು. ನೋಡಿ ಮುಖ ಸಿಂಡರಿಸಿದರು.

“ಇದನ್ನ ಆ ಹಗ್ಗದ ಮೇಲೆ ಯಾರು ಸುತ್ತಿದ್ರು? ಇದು ಹಳೇ ದಪ್ಪ ಹಗ್ಗದ ಹುರಿ. ಸಣ್ಣ ಹಗ್ಗಾನ ಇದು ಕಚ್ಚಲ್ಲ. ಸುತ್ತಿ ಭಾರ ಬಿಟ್ರೆ ಸುಯ್ಯಂತ ಜಾರುತ್ತೆ, ಜಾರಿದ ಬಿಸಿಗೆ ಹೀಗೆ ಕರಗುತ್ತೆ. ಯಾರೋ ಬಿದ್ದಿದ್ದಾರೆ ಸರ್. ಬೀಳೋವಾಗ ಹಗ್ಗ ಹಿಡಿದಿರ್ತಾರೆ. ಅಂಗೈ ನೋಡಿ, ಗೊತ್ತಾಗುತ್ತೆ.”

ದೊಡ್ಡಕ್ಕ ಇನ್ಸ್‌ಪೆಕ್ಟರ್ ಮುಖ ನೋಡಿದಳು. ಇಬ್ಬರ ಕಣ್ಣೆದುರೂ ಒಂದು ಟವೆಲ್ಲು, ಎಡಗೈಯಲ್ಲೊಂದು ಟೀ ಲೋಟ.

ಅಷ್ಟರಲ್ಲಿ ಅಂಗಡಿಯಾಕೆ ಹಳೆಯ ಹಗ್ಗವನ್ನು ಚೀಲದಿಂದ ತೆಗೆದು ಅಭ್ಯಾಸಬಲದಿಂದ ಬೆರಳ ನಡುವೆ ಹಾಯಿಸುತ್ತಿದ್ದರು. ಒಂದು ಕಡೆ ಬೆರಳು ನಿಂತಿತು. ಹಿಂದೆ ಹೋಯಿತು, ಮತ್ತೆ ಬಂತು.

“ಇಲ್ಲಿ ಒಳಗೆ ಮೆತ್ತಗಿದೆ. ತಿರುಳು ಹೋಗಿದೆ. ಮೇಲಿನ ಹೊದಿಕೆ ಚೆನ್ನಾಗಿದೆ, ಕಣ್ಣಿಗೆ ಕಾಣಲ್ಲ. ಇದು ಸತ್ತ ಹಗ್ಗ ಸರ್. ಇದನ್ನ ಯಾಕೆ ಇನ್ನೂ ಇಡಿಯಾಗಿ ಇಟ್ಕೊಂಡಿದ್ದಾರೆ?”

ಇನ್ಸ್‌ಪೆಕ್ಟರ್ ಹೊರಗೆ ಬಂದು ಅಳಿಲಿಗೆ ಫೋನು ಮಾಡಿದರು.

“ಹಳೇ ಹಗ್ಗದ ಒಳಗೆ ಮೆತ್ತಗಿದೆ ಅಂತ ನಿಮಗೆ ಗೊತ್ತಿತ್ತಾ?”

“ಗೊತ್ತು ಸರ್.”

“ದೂರಿನಲ್ಲಿ ಯಾಕೆ ಹೇಳಲಿಲ್ಲ?”

“ಹೇಳೋ ಹಾಗಿರಲಿಲ್ಲ.” ಆಕೆಯ ದನಿ ತಗ್ಗಿತು. “ಅಪ್ಪನಿಗೆ ಮಾತ್ರ ಹೇಳಬೇಡಿ ಸರ್. ಕೈ ಮುಗೀತೀನಿ.”

ಜೀಪು ಹೊರಟ ಮೇಲೂ ಇನ್ಸ್‌ಪೆಕ್ಟರ್ ಅದನ್ನೇ ಲೆಕ್ಕ ಹಾಕುತ್ತಿದ್ದರು. ಸತ್ತ ಹಗ್ಗ ಗೋಡೆಯ ಮೇಲೆ ಇಡಿಯಾಗಿ ತೂಗುತ್ತಿತ್ತು. ಜೀವ ಇದ್ದ ಹಗ್ಗ ಚೂರಾಗಿ ಬಿದ್ದಿತ್ತು. ಎರಡಕ್ಕೂ ಕಾರಣ ಒಂದೇ ಮನೆಯೊಳಗಿದೆ. ಒಬ್ಬರಿಗೊಬ್ಬರು ಹೇಳದೆ ಇಟ್ಟುಕೊಂಡಿದ್ದಾರೆ, ಅಷ್ಟೇ.

* * *

ಮನೆಯ ಹಿತ್ತಿಲಿನಲ್ಲಿ ಒಂದು ಹಳೆಯ ಮರವಿತ್ತು. ಮಗಳು ಹತ್ತಲು ಕಲಿತದ್ದೂ ಅದರಲ್ಲೇ ಇರಬೇಕು. ಕೆಳಗಿನ ಕೊಂಬೆ ಹಗ್ಗ ಉಜ್ಜಿ ಉಜ್ಜಿ ನುಣುಪಾಗಿತ್ತು. ಆ ನುಣುಪಿನ ಮೇಲೆ ಎಳೆಹಸಿರಿನ ಒಂದು ಗೀರು. ಬುಡದ ಮಣ್ಣಿನಲ್ಲಿ ಎರಡು ಹಿಮ್ಮಡಿ ಜಾರಿದ ಗುರುತು. ಯಾರೋ ಕಾಲಿನಿಂದ ಮಣ್ಣೆಳೆದು ಮುಚ್ಚಲು ನೋಡಿ, ಸಾಕಾಗಿ ಬಿಟ್ಟಿದ್ದರು.

ಮುದುಕರು ಬಂದು ಪಕ್ಕದಲ್ಲಿ ನಿಂತರು.

“ಯಜಮಾನ್ರೆ, ಬಲಗೈ ತೋರಿಸಿ.”

ಟವೆಲ್ಲು ಜಾರಿತು. ಅಂಗೈಯ ಅಡ್ಡಕ್ಕೆ ಹಗ್ಗದಗಲ ಚರ್ಮ ಸುಟ್ಟು ಎದ್ದಿತ್ತು. ದೊಡ್ಡಕ್ಕ “ಅಯ್ಯೋ ದೇವರೇ” ಎಂದು ಜೀಪಿನ ಔಷಧಿ ಡಬ್ಬಿ ತರಲು ಓಡಿದಳು.

“ಹತ್ತಿದ್ರಾ?”

“ಹತ್ತಿದೆ.”

“ಯಾಕೆ?”

“ಅವಳು ಹತ್ತೋ ಹಗ್ಗ. ನಾನು ಮೊದಲು ಹತ್ತಿ ನೋಡದೆ ಅವಳನ್ನ ಯಾವ ಹಗ್ಗಕ್ಕೂ ಬಿಟ್ಟಿಲ್ಲ ಸಾಹೇಬ್ರೆ. ಈ ಸಲ ಅವಳು ನನ್ನ ಕೇಳಲೇ ಇಲ್ಲ. ಹೋಗಿ ತಂದ್ಲು. ‘ಹಳೇದು ಬೇಜಾರಾಯ್ತಪ್ಪ, ಇದು ಚುರುಕಾಗಿದೆ’ ಅಂದ್ಲು. ಚುರುಕು! ಮರ ಏನು ಓಡಿಹೋಗುತ್ತಾ?” ಮುದುಕರು ಎಡಗೈಯಿಂದ ಕೊಂಬೆ ಮುಟ್ಟಿದರು. “ಅವಳು ಶಾಲೆಗೆ ಹೋದ ಮೇಲೆ ಇಲ್ಲಿ ಹಾಕಿದೆ. ಆಳೆತ್ತರ ಹೋಗಿರಬಹುದು. ಭಾರ ಬಿಟ್ಟೆ. ನಿಲ್ಲಲೇ ಇಲ್ಲ.”

“ಅವಳಿಗೆ ಹೇಳಬಹುದಿತ್ತಲ್ಲ?”

“ಹತ್ತಲ್ಲ ಅಂತ ಅವಳಿಗೆ ಮಾತು ಕೊಟ್ಟಿದ್ದೆ. ಆಮೇಲೆ… ಕೇಳಿದ್ರೆ ಹೇಳ್ತಿದ್ದೆ. ಕೇಳದೇ ಇರೋಳಿಗೆ ಏನಂತ ಹೇಳೋದು?”

ಮುದುಕರು ಹಿಮ್ಮಡಿಯ ಗುರುತನ್ನೇ ನೋಡುತ್ತಿದ್ದರು.

“ನಾನು ಜಾರಿದ್ದು ಆಳೆತ್ತರ. ಆದ್ರೆ ಕಣ್ಣು ಮುಚ್ಚಿದಾಗೆಲ್ಲ ಜಾರೋದು ಅವಳು, ಆ ಶಾಲೆ ಮರದ ತುದಿಯಿಂದ. ಅದಕ್ಕೇ ಕತ್ತರಿಸಿದೆ. ಕೂಗಾಡ್ತಾಳೆ, ಸುಮ್ಮನಾಗ್ತಾಳೆ, ಹಳೇದರಲ್ಲೇ ಹತ್ತುತಾಳೆ ಅಂದ್ಕೊಂಡೆ. ಸೀದಾ ನಿಮ್ಮ ಹತ್ರ ಬಂದುಬಿಟ್ಲು. ಯಾರೋ ನನ್ನ ಕೊಲ್ಲೋಕೆ ನೋಡ್ತಿದ್ದಾರಪ್ಪ ಅಂತ ಇವತ್ತು ನನ್ನ ಮುಂದೆ ನಿಂತು ಹೇಳಿದ್ಲು. ಆಗಲೂ ಬಾಯಿ ಬರಲಿಲ್ಲ.”

“ನಡೀರಿ, ಸ್ಟೇಷನ್ನಿಗೆ ಹೋಗೋಣ.”

“ಜೈಲಿಗಾ?”

“ಸ್ಟೇಷನ್ನಿಗೆ. ಕೈಗೆ ಮೊದಲು ಮುಲಾಮು ಹಚ್ಚಿಸ್ಕೊಳ್ಳಿ.”

* * *

ಮಗಳು ಬಂದಾಗ ಮುದುಕರು ಬೆಂಚಿನ ಮೇಲಿದ್ದರು. ಬಲಗೈಗೆ ದೊಡ್ಡಕ್ಕ ಕಟ್ಟಿದ ಬಿಳಿಯ ಬ್ಯಾಂಡೇಜು ಒಂದು ಸಣ್ಣ ದಿಂಬಿನಷ್ಟಿತ್ತು.

“ನಿಮ್ಮ ದೂರಿನ ಆರೋಪಿ ಸಿಕ್ಕಿದ್ದಾರೆ,” ಎಂದರು ಇನ್ಸ್‌ಪೆಕ್ಟರ್.

ಆಕೆ ಯಾರು ಎಂದು ಕೇಳಲಿಲ್ಲ. ಯಾಕೆ ಎಂದೂ ಕೇಳಲಿಲ್ಲ. ಅಪ್ಪನ ಮುಂದೆ ಕುಕ್ಕರಗಾಲಲ್ಲಿ ಕುಳಿತು, “ಕೈಗೇನಾಯ್ತು?” ಎಂದಳು.

“ಸ್ವಲ್ಪ ಉಜ್ಜಿತು.”

“ಹತ್ತಿದ್ರಾ? ಹತ್ತಲ್ಲ ಅಂದಿದ್ರಲ್ಲ!”

“ಆಳೆತ್ತರ ಕಣೇ ಅಳಿಲೇ.”

“ಹಳೇ ಹುರಿ ಸುತ್ತಿದ್ರಾ ಅದಕ್ಕೆ? ಅದು ಕಚ್ಚಲ್ಲ ಅಪ್ಪ! ಹಗ್ಗದಲ್ಲಿ ಏನೂ ತಪ್ಪಿಲ್ಲ, ಹುರಿ ತಪ್ಪು. ಸುತ್ತೋವಾಗ್ಲೇ ಬೆರಳಿಗೆ ಗೊತ್ತಾಗಲ್ವಾ, ಸಡಿಲ ಇದೆ ಅಂ…”

ಅಲ್ಲಿಗೆ ಮಾತು ತುಂಡಾಯಿತು. ಆಕೆ ತುಟಿ ಕಚ್ಚಿಕೊಂಡಳು. ರೈಟರ್ ಬರೆಯುವುದನ್ನು ನಿಲ್ಲಿಸಿದ.

“ಯಾಕೆ ನಿಲ್ಲಿಸಿದೆ? ಹೇಳು,” ಎಂದರು ಅಪ್ಪ.

“ಏನಿಲ್ಲ.”

“ಹೇಳಮ್ಮ. ಪೊಲೀಸ್ ಸ್ಟೇಷನ್ನು. ಇಲ್ಲಿ ಸುಳ್ಳು ಹೇಳಬಾರದು.”

ಆಕೆ ಇನ್ಸ್‌ಪೆಕ್ಟರ್ ಕಡೆ ನೋಡಿದಳು. ಅವರು ನೋಟ ತಪ್ಪಿಸಲಿಲ್ಲ, ನೆರವಿಗೂ ಬರಲಿಲ್ಲ. ಈ ಮಾತು ಪೊಲೀಸರು ಹೇಳುವಂಥದ್ದಲ್ಲ ಎಂದು ಅವರಿಗೆ ಅನ್ನಿಸಿತ್ತು.

“ನಿಮ್ಮ ಬೆರಳಿಗೆ ಗೊತ್ತಾಗ್ತಿಲ್ಲ ಅಪ್ಪ,” ಎಂದಳು ಮೆಲ್ಲಗೆ. “ಗರಗಸ ಹಿಡಿದು ಹಿಡಿದು ಜೋಮು ಹಿಡಿದಿದೆ. ಮೊನ್ನೆ ಮೊನ್ನೆಯದಲ್ಲ. ಹೂ ಬಿಡೋ ಕಾಲದಲ್ಲಿ, ಆ ಗಡಿಯಾರದ ಮನೆ ಮರಕ್ಕೆ ಹೋಗಿದ್ವಲ್ಲ, ಅವತ್ತು ನೀವು ಹಳೇ ಹಗ್ಗ ಪೂರ್ತಿ ಕೈಲಿ ಹಾಯಿಸಿ ಚೆನ್ನಾಗಿದೆ ಅಂದ್ರಿ. ನಾನು ಮೇಲೆ ಹೋದ್ಮೇಲೆ ನನ್ನ ಕೈಗೆ ಸಿಕ್ಕಿತು, ಒಳಗೆ ಮೆತ್ತಗಿರೋ ಜಾಗ.”

ಮುದುಕರ ಬಾಯಿ ಸ್ವಲ್ಪ ತೆರೆದುಕೊಂಡಿತು. “ನೀನು ಅದರ ಮೇಲೆ ಹೋಗಿದ್ಯಾ?”

“ಹೋಗಿ ಬಂದೆನಲ್ಲ.”

“ನನಗೆ ಯಾಕೆ ಹೇಳ್ಲಿಲ್ಲ?”

“ಏನಂತ ಹೇಳ್ಲಿ? ನಿಮ್ಮ ಕೈ ಸುಳ್ಳು ಹೇಳ್ತು ಅಂತ ಹೇಳ್ಲಾ? ಅದಾದ್ಮೇಲೆ ಹಗ್ಗ ನಾನೇ ಎರಡೆರಡು ಸಲ ನೋಡ್ಕೊಂಡೆ, ಸಣ್ಣ ಮರಗಳಿಗಷ್ಟೇ ಒಪ್ಕೊಂಡೆ, ಗಟ್ಟಿ ಇರೋ ತುದಿ ಕಡೆಯಿಂದ ಹತ್ತಿದೆ. ಹಗ್ಗ ಕತ್ತರಿಸಿದ್ರೆ ಯಾಕೆ ಅಂತ ಕೇಳ್ತೀರ. ಅದಕ್ಕೇ ಕತ್ತರಿಸಲಿಲ್ಲ. ಬೇಜಾರಾಯ್ತು, ಚುರುಕಾಗಿರೋದು ಬೇಕು ಅಂದೆ.”

“ನೀನು ಹಳೇದಕ್ಕೆ ವಾಪಸ್ ಬರ್ಲಿ ಅಂತ ನಾನು…”

ಮುದುಕರು ದಿಂಬಿನಂಥ ಬ್ಯಾಂಡೇಜಿನಲ್ಲಿ ಮುಖ ಮುಚ್ಚಿಕೊಂಡರು. ಮಗಳು ಆ ಕೈಯನ್ನು ತೆಗೆಯಲಿಲ್ಲ. ಅದರ ಮೇಲೆ ತನ್ನ ಕೈಯಿಟ್ಟಳು, ಅಷ್ಟೇ.

ದೊಡ್ಡಕ್ಕ ನೀರು ತರಬೇಕೆಂದು ಎದ್ದವಳು ಯಾಕೋ ಗೋಡೆಯ ಕಡೆ ತಿರುಗಿ ನಿಂತುಬಿಟ್ಟಳು.

ಸ್ವಲ್ಪ ಹೊತ್ತಾದ ಮೇಲೆ ಮುದುಕರು ಕೇಳಿದರು. “ಸಾಹೇಬ್ರೆ, ಆ ಹಳೇ ಹಗ್ಗ ಇಲ್ಲಿದೆಯಾ?”

ಇನ್ಸ್‌ಪೆಕ್ಟರ್ ತಂದುಕೊಟ್ಟರು. ಮುದುಕರು ಎಡಗೈ ಬೆರಳಲ್ಲಿ ಹಾಯಿಸಿ ನೋಡಿದರು. ಏನೂ ತಿಳಿಯಲಿಲ್ಲ. ಆಮೇಲೆ ಹಗ್ಗವನ್ನು ಕೆನ್ನೆಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, ನಿಧಾನಕ್ಕೆ ಎಳೆಯತೊಡಗಿದರು. ಹಗ್ಗ ಕೆನ್ನೆಯ ಮೇಲೆ ಹರಿಯಿತು, ಕುರುಚಲು ಗಡ್ಡದ ಮೇಲೆ ಸರಸರ ಸದ್ದು ಮಾಡಿತು. ಸ್ಟೇಷನ್ನಿನಲ್ಲಿ ಆ ಸದ್ದೊಂದೇ. ಒಂದು ಕಡೆ ಕೈ ನಿಂತಿತು.

“ಇಲ್ಲಿ.”

ಮಗಳು ಮುಟ್ಟಿ ನೋಡಿದಳು. “ಹೂಂ ಅಪ್ಪ. ಅಲ್ಲೇ.”

“ಕೆನ್ನೆಗೆ ಇನ್ನೂ ಬುದ್ಧಿ ಇದೆ,” ಎಂದರು ಮುದುಕರು, ಬೇರೆ ಯಾರ ಬಗ್ಗೆಯೋ ಹೇಳುವ ಹಾಗೆ. ಆಮೇಲೆ ಇನ್ಸ್‌ಪೆಕ್ಟರ್ ಕಡೆ ನೋಡಿದರು. “ಇದು ಸತ್ತಿದೆ. ಕತ್ತರಿಸಬೇಕು.”

ರೈಟರ್ ಗಾಬರಿಯಿಂದ ಎದ್ದ. “ಸರ್, ಸಾಕ್ಷ್ಯ!”

“ಅದು ಪಂಚನಾಮೆಯಲ್ಲಿಲ್ಲ,” ಎಂದರು ಇನ್ಸ್‌ಪೆಕ್ಟರ್. “ಹೋಲಿಸೋಕೆ ತಂದಿದ್ದು. ವಾಪಸ್ ಕೊಟ್ಟಾಯ್ತು. ಮುಂದೆ ಅವರಿಷ್ಟ.”

ರೈಟರ್ ಮೇಜಿನ ಮೇಲೇ ಕೆಲಸ ನಡೆಯಿತು. ಮಗಳು ಮೊಳದುದ್ದ ಅಳೆದು ಅಳೆದು ಕತ್ತರಿಸಿದಳು. ಅಪ್ಪ ಎಡಗೈಯಲ್ಲಿ ಲೈಟರು ಹಿಡಿದು ಒಂದೊಂದೇ ತುದಿ ಮುಚ್ಚಿದರು.

“ಸತ್ತ ಹಗ್ಗದ ತುದಿ ಯಾಕೆ ಸುಡ್ತೀರಿ ಯಜಮಾನ್ರೆ?” ಮೂಗು ಮುಚ್ಚಿಕೊಂಡೇ ರೈಟರ್ ಕೇಳಿದ.

“ಬಿಚ್ಚಿಕೊಳ್ಳೋ ಹಾಗೆ ಬಿಡಬಾರದಪ್ಪ. ಇಷ್ಟು ವರ್ಷ ಹೊತ್ತಿದೆ.”

* * *

ಕಾನೂನು ತನ್ನ ದಾರಿಯಲ್ಲೇ ನಡೆಯಿತು. ಮಗಳು ದೂರು ಹಿಂದಕ್ಕೆ ತೆಗೆದುಕೊಳ್ಳುತ್ತೇನೆಂದಳು. ದಾಖಲಾದ ಎಫ್‌ಐಆರ್ ಸ್ಟೇಷನ್ನಿನಲ್ಲಿ ಅಳಿಸುವಂಥದ್ದಲ್ಲ, ಕೋರ್ಟಿನಲ್ಲಿ ರಾಜಿಯಾಗಬಹುದು ಎಂದು ಇನ್ಸ್‌ಪೆಕ್ಟರ್ ತಿಳಿಸಿ ಹೇಳಿದರು. ಜಾಮೀನು ಸಿಗುವ ಅಪರಾಧ. ಬಂಧನದ ಮೆಮೊ ಬರೆದು ಅಲ್ಲೇ ಬಿಡಬಹುದಿತ್ತು. ರೈಟರ್ ಒಂದೊಂದೇ ಕೇಳಿಕೊಂಡು ತುಂಬಿಸಿದ.

“ಬಂಧನದ ವಿಷಯ ಯಾರಿಗೆ ತಿಳಿಸಬೇಕು?”

“ಮಗಳಿಗೆ.”

“ಜಾಮೀನು ಯಾರು?”

“ನಾನೇ,” ಎಂದಳು ಮಗಳು.

ರೈಟರ್ ತಲೆ ಕೆರೆದುಕೊಂಡ. “ದೂರು ಕೊಟ್ಟೋರೂ ನೀವೇ, ಬಿಡಿಸ್ಕೊಂಡು ಹೋಗೋರೂ ನೀವೇ. ನಮ್ಮನ್ನ ಯಾಕಮ್ಮ ಮಧ್ಯದಲ್ಲಿ ಹಾಕ್ಕೊಂಡ್ರಿ?”

ಬಲಗೈಯಲ್ಲಿ ಸಹಿ ಆಗದ್ದರಿಂದ ಮುದುಕರು ಎಡಗೈ ಹೆಬ್ಬೆಟ್ಟು ಒತ್ತಿದರು. ಹೊರಡುವಾಗ ಬಾಗಿಲ ಬಳಿ ನಿಂತು, “ಬರ್ತೀನಿ ಸಾಹೇಬ್ರೆ,” ಎಂದರು.

“ಸ್ಟೇಷನ್ನಿನಲ್ಲಿ ಹಾಗನ್ನಬಾರದು ಯಜಮಾನ್ರೆ,” ಎಂದಳು ದೊಡ್ಡಕ್ಕ.

“ಎಲ್ಲಿಂದ ಹೊರಟರೂ ಹಾಗನ್ನದೆ ಹೋಗಲ್ಲ ತಾಯಿ. ಅಭ್ಯಾಸ.”

ಅವರಿಬ್ಬರೂ ನೆಟ್ಟಗೆ ಹಗ್ಗದಂಗಡಿಗೆ ಹೋದರೆಂದೂ, ಆ ಅಂಗಡಿಯಾಕೆ ಬಾಗಿಲು ಹಾಕುವ ಹೊತ್ತಿಗೆ ಅಪ್ಪ ಉರುಳೆ ಉರುಳೆಗೂ ಕೆನ್ನೆ ಕೊಟ್ಟು ಕುಳಿತಿದ್ದರೆಂದೂ ಆಮೇಲೆ ತಿಳಿಯಿತು. ಕೊನೆಗೆ ಆರಿಸಿದ್ದು ಅದೇ ಎಳೆಹಸಿರಿನದು. ಜೊತೆಗೆ ಅದರದೇ ಹುರಿ.

ಮಾರನೆಯ ಬೆಳಿಗ್ಗೆ ಇನ್ಸ್‌ಪೆಕ್ಟರ್ ಶಾಲೆಯ ದಾರಿಯಲ್ಲಿ ಜೀಪು ನಿಲ್ಲಿಸಿದರು. ಕಾರಣ ಯಾರೂ ಕೇಳಲಿಲ್ಲ. ಅಂಗಳದಲ್ಲಿ ಕೊಂಬೆ ಇಳಿಸುವ ಹಗ್ಗ ಏಣಿ ಮೇಸ್ತ್ರಿಯ ಕೈಯಲ್ಲಿತ್ತು. ಹಲ್ಲು ನೋವಿನಲ್ಲೂ ನನ್ನನ್ನು ಎಳೆದುಕೊಂಡು ಬಂದರು ಎಂದು ಗೊಣಗುತ್ತಾ ಅವನು ಹಗ್ಗವನ್ನು ಮರದ ಬುಡಕ್ಕೆ ಎರಡು ಸುತ್ತು ಬಿಗಿಯಾಗಿ ಸುತ್ತಿ ನಿಂತಿದ್ದ. ಮುದುಕರು ಬ್ಯಾಂಡೇಜು ಕಟ್ಟಿದ ಕೈಯನ್ನು ಎದೆಗೊತ್ತಿಕೊಂಡು ಮಗಳ ಸೊಂಟದ ಗಂಟಿಗೆ ಬಾಗಿದರು. ಹುರಿ ಹಗ್ಗವನ್ನು ಕಚ್ಚಿದ ಜಾಗಕ್ಕೆ ಕೆನ್ನೆ ತಾಗಿಸಿ ನೋಡಿದರು.

“ನೀನೂ ನೋಡು,” ಎಂದರು.

ಮಗಳು ಬೆರಳಿಟ್ಟು ನೋಡಿದಳು. “ಸರಿಯಾಗಿದೆ.”

“ಬರ್ತೀಯಾ?”

“ಬರ್ತೀನಪ್ಪ.”

ಹಗ್ಗ ಬಿಗಿಯಿತು. ಹುರಿ ಕಚ್ಚಿತು. ಕಾಲು ನೆಲ ಬಿಟ್ಟಿತು. ಸೀಳಿದ ಕೊಂಬೆ ನಲ್ಲಿಯ ಪಕ್ಕದ ಮಣ್ಣಿಗೆ ಮೆಲ್ಲಗೆ ಇಳಿದು, ಆಕೆಯ ಪಾದ ಮತ್ತೆ ನೆಲ ಮುಟ್ಟುವವರೆಗೂ ಇನ್ಸ್‌ಪೆಕ್ಟರ್ ಜೀಪಿನಲ್ಲೇ ಕುಳಿತಿದ್ದರು.

ಸ್ಟೇಷನ್ನಿಗೆ ಬಂದು ಪ್ರಕರಣದ ದಿನಚರಿ ಹೇಳಿ ಬರೆಸಿದರು. ಕೃತ್ಯದ ಉದ್ದೇಶ ಎಂಬಲ್ಲಿ ರೈಟರ್ ಪೆನ್ನು ಎತ್ತಿ ಕಾದ. ಇನ್ಸ್‌ಪೆಕ್ಟರ್ ಕಿಟಕಿಯ ಕಡೆ ನೋಡುತ್ತಾ ಹೇಳಿದರು:

“ಆರೋಪಿಯು ತಾನು ಆಳೆತ್ತರದಿಂದ ಜಾರಿದಾಗ, ಮಗಳು ಮರದ ತುದಿಯಿಂದ ಜಾರಿದ್ದನ್ನು ಕಂಡಿದ್ದು, ಸದರಿ ಭಯದಿಂದ ಈ ಕೃತ್ಯ ಎಸಗಿರುತ್ತಾರೆ. ಹಗೆತನ ಕಂಡುಬಂದಿರುವುದಿಲ್ಲ.”

“ಆದ್ರೆ ಮಗಳು ಜಾರಿಲ್ಲವಲ್ಲ ಸರ್?”

“ಹೌದು. ಕಂಡಿದ್ದು ಅಂತಲೇ ಬರಿ.”

ರೈಟರ್ ಬರೆದ.